ವಾಹನ ಪ್ರಶ್ನೋತ್ತರ: ರೇಡಿಯೇಟರ್ ಫ್ಯಾನ್ ತಿರುಗದಿದ್ದಾಗ

ಈ ಸಲದ ಅಂಕಣ ಪೂರ್ತಿ ರೇಡಿಯೇಟರ್ ಫ್ಯಾನಿಗೇ ಮೀಸಲು. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದಾರಿ ಹಿಡಿದಿವೆ: ಎಂಜಿನ್ ಬಿಸಿಯಾಯಿತು, ಫ್ಯಾನ್ ತಿರುಗಲಿಲ್ಲ, ಹೊಸ ಮೋಟರ್ ಹಾಕಿಸಿದ್ದಾಯಿತು, ತೊಂದರೆ ಮಾತ್ರ ಹಾಗೇ ಉಳಿಯಿತು. ಮೋಟರಿಗೆ ಕೈ ಹಾಕುವ ಮುಂಚೆ ಕರೆಂಟ್ ಎಲ್ಲಿಯವರೆಗೆ ಬಂದು ನಿಂತಿದೆ ಎಂದು ನೋಡಿದ್ದರೆ ಇವುಗಳಲ್ಲಿ ಎಷ್ಟೋ ಖರ್ಚು ತಪ್ಪುತ್ತಿತ್ತು.

ಪ್ರಶ್ನೆ: ಹೆದ್ದಾರಿಯಲ್ಲಿ ಓಡುವಾಗ ಉಷ್ಣತೆಯ ಮುಳ್ಳು ನಡುವೆಯೇ ಇರುತ್ತದೆ. ಟ್ರಾಫಿಕ್‌ನಲ್ಲಿ ಸ್ವಲ್ಪ ಹೊತ್ತು ನಿಂತರೆ ಏರತೊಡಗುತ್ತದೆ, ಎಸಿ ಗಾಳಿಯೂ ಬೆಚ್ಚಗಾಗುತ್ತದೆ. ಫ್ಯಾನ್ ಹೋಗಿದೆ, ಬದಲಿಸಿ ಎನ್ನುತ್ತಾರೆ ಮೆಕ್ಯಾನಿಕ್. ಖಚಿತ ಮಾಡಿಕೊಳ್ಳುವುದು ಹೇಗೆ?

ಉತ್ತರ: ನೀವು ಹೇಳಿದ ಲಕ್ಷಣ ಫ್ಯಾನಿನ ಕಡೆಗೇ ಬೆರಳು ಮಾಡುತ್ತದೆ. ಗಂಟೆಗೆ 50–60 ಕಿ.ಮೀ. ದಾಟಿದರೆ ಮುಂದಿನಿಂದ ನುಗ್ಗುವ ಗಾಳಿಯೇ ರೇಡಿಯೇಟರಿಗೆ ಸಾಮಾನ್ಯವಾಗಿ ಸಾಕಾಗುತ್ತದೆ. ನಿಂತಾಗ, ತೆವಳುವಾಗ ಗಾಳಿ ಎಳೆಯುವ ಕೆಲಸವೆಲ್ಲ ಫ್ಯಾನಿನದೇ. ಎಸಿಯ ಕಂಡೆನ್ಸರ್ ರೇಡಿಯೇಟರಿನ ಎದುರಿಗೇ ಕೂತಿರುವುದರಿಂದ ಅದೂ ಜೊತೆಯಲ್ಲೇ ಸೊರಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ವೇಗದಲ್ಲಿ ಅಥವಾ ಏರು ಹತ್ತುವಾಗ ಬಿಸಿಯಾಗಿ, ನಿಂತಾಗ ಸರಿಹೋಗುವ ಕಾರಿಗೆ ಫ್ಯಾನ್ ಬದಲಿಸಿ ಪ್ರಯೋಜನವಿಲ್ಲ. ಅಲ್ಲಿ ಒಳಗೆ ಕಟ್ಟಿಕೊಂಡ ರೇಡಿಯೇಟರ್, ಪೂರ್ತಿ ತೆರೆಯದ ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟ), ಸವೆದ ವಾಟರ್ ಪಂಪ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು.

ಮೊದಲು ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಮಟ್ಟ ನೋಡಿ. ಬಹಳ ಜನ ಇದನ್ನು ಬಿಟ್ಟೇ ಮುಂದೆ ಹೋಗುತ್ತಾರೆ. ಕೂಲೆಂಟ್ ಕಡಿಮೆಯಾಗಿ ಸೆನ್ಸರ್ ಇರುವ ಜಾಗದಲ್ಲಿ ಗಾಳಿ ಕೂತರೆ, ಅದಕ್ಕೆ ನೀರಿನ ಬಿಸಿ ತಟ್ಟುವುದೇ ಇಲ್ಲ. ಎಂಜಿನ್ ಕುದಿಯುತ್ತಿದ್ದರೂ ಸೆನ್ಸರ್ 'ಎಲ್ಲ ಸರಿಯಿದೆ' ಎಂದೇ ತಿಳಿಸುತ್ತದೆ, ಫ್ಯಾನಿಗೆ ಆಜ್ಞೆ ಹೋಗುವುದಿಲ್ಲ. ಆಗ ತಪ್ಪಿರುವುದು ಸೋರಿಕೆಯಲ್ಲಿ. ಫ್ಯಾನಿನಲ್ಲೂ ಅಲ್ಲ, ಸೆನ್ಸರಿನಲ್ಲೂ ಅಲ್ಲ.

ಮಟ್ಟ ಸರಿಯಿದ್ದರೆ ಎಂಜಿನ್ ಚಾಲೂ ಮಾಡಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದ ಕೆಲವೇ ಸೆಕೆಂಡುಗಳಲ್ಲಿ ಫ್ಯಾನ್ ತಿರುಗಬೇಕು; ಕೆಲವಲ್ಲಿ ಎಸಿ ಪೈಪಿನ ಒತ್ತಡ ಏರುವವರೆಗೆ ಒಂದೆರಡು ನಿಮಿಷ ಕಾಯುತ್ತದೆ. ಎಸಿಗೆ ತಿರುಗಿ, ಬಿಸಿಗೆ ಮಾತ್ರ ತಿರುಗದಿದ್ದರೆ ಮೋಟರ್ ಮತ್ತು ಅದರ ದಪ್ಪ ವೈರುಗಳು ಬಹುಪಾಲು ಚೆನ್ನಾಗಿವೆ ಎಂದರ್ಥ. ಅನುಮಾನ ಉಷ್ಣತೆಯ ಸೆನ್ಸರ್ ಅಥವಾ ಸ್ವಿಚ್ಚಿನ ಮೇಲೆ ಹೋಗಬೇಕು. ಎರಡಕ್ಕೂ ತಿರುಗದಿದ್ದರೆ ಮುಂದೆ ಓದಿ.

ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ರೆಕ್ಕೆಯನ್ನು ಕೈಯಿಂದ ತಿರುಗಿಸಿ ನೋಡಿ. ಬ್ಯಾಟರಿ ಬಿಚ್ಚುವುದು ಶಾಸ್ತ್ರಕ್ಕಲ್ಲ: ಹಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ಚಾಲೂ ಆಗಬಹುದು, ಬೆರಳು ಹೋಗುತ್ತದೆ. ರೆಕ್ಕೆ ಹಗುರಾಗಿ ತಿರುಗಿ ನಿಧಾನಕ್ಕೆ ನಿಲ್ಲಬೇಕು. ಕಚ್ಚಿಕೊಂಡು ತಿರುಗಿದರೆ, ಗರಗರ ಸದ್ದು ಬಂದರೆ, ಹಿಂದೆ ಮುಂದೆ ಅಲ್ಲಾಡಿದರೆ ಮೋಟರಿನ ಬುಷ್ (ಅಚ್ಚನ್ನು ಹಿಡಿದಿರುವ ಬಳೆ) ಹೋಗಿದೆ. ಮುಂದಿನ ಪರೀಕ್ಷೆಗಳ ಅಗತ್ಯವೇ ಇಲ್ಲ.

ಹಗುರಾಗಿ ತಿರುಗಿತೇ? ಬ್ಯಾಟರಿ ಮತ್ತೆ ಜೋಡಿಸಿ ಫ್ಯೂಸ್ ನೋಡಿ. ಫ್ಯಾನಿನದು ಸಾಮಾನ್ಯವಾಗಿ 30 ಅಥವಾ 40 ಆಂಪಿಯರಿನದು, ಬಾನೆಟ್ ಕೆಳಗಿನ ಪೆಟ್ಟಿಗೆಯಲ್ಲಿರುತ್ತದೆ. ಕಣ್ಣಿಗೆ ಸರಿಯಾಗಿ ಕಂಡರೂ ಮೀಟರ್ ಇಟ್ಟು ನೋಡಿ. ಕೂದಲೆಳೆಯಷ್ಟು ಬಿರುಕು ಕಾಣುವುದಿಲ್ಲ. ಆಮೇಲೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ಫ್ಯಾನಿನ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್. ಅದರ ಮೇಲಿನ ಸಂಖ್ಯೆಯೇ ಇರುವ ಇನ್ನೊಂದು ರಿಲೇ, ಉದಾಹರಣೆಗೆ ಹಾರ್ನ್‌ನದ್ದು, ಪಕ್ಕದಲ್ಲೇ ಇದ್ದರೆ ಅದಲು ಬದಲು ಮಾಡಿ. ಫ್ಯಾನ್ ತಿರುಗಿದರೆ ಕೆಲಸ ಅಲ್ಲಿಗೆ ಮುಗಿಯಿತು. ಬಿಚ್ಚಿದ ರಿಲೇಯಲ್ಲಿ 85 ಮತ್ತು 86 ಎಂದು ಬರೆದ ಕಾಲುಗಳ ನಡುವೆ ಸುಮಾರು 50ರಿಂದ 120 ಓಮ್ ಸಿಗಬೇಕು, ಅದು ಕಾಯಿಲ್. 30 ಮತ್ತು 87 ದೊಡ್ಡ ಕರೆಂಟಿನ ಕಾಲುಗಳು. 'ಟಿಕ್' ಸದ್ದು ಬಂತು, ಹಾಗಾಗಿ ರಿಲೇ ಸರಿಯಿದೆ ಎನ್ನುವುದು ತಪ್ಪು ಲೆಕ್ಕ. ಕಾಯಿಲ್ ಎಳೆದರೂ ಸುಟ್ಟು ಕಪ್ಪಾದ ಕಾಂಟ್ಯಾಕ್ಟ್ ಕರೆಂಟ್ ದಾಟಿಸದೆ ಇರಬಹುದು.

ಈಗ ತೀರ್ಪು ಕೊಡುವ ಪರೀಕ್ಷೆ. ಫ್ಯಾನಿನ ಕನೆಕ್ಟರ್ ಬಿಚ್ಚಿ, 30 ಆಂಪಿಯರ್ ಫ್ಯೂಸ್ ಸೇರಿಸಿದ ದಪ್ಪ ವೈರಿನಿಂದ (2.5 ಚದರ ಮಿ.ಮೀ.ಗೆ ಕಡಿಮೆ ಬೇಡ) ಬ್ಯಾಟರಿಯ ಪಾಸಿಟಿವ್ ಅನ್ನು ಮೋಟರಿಗೆ ಕೊಡಿ. ಇನ್ನೊಂದು ವೈರ್ ಎಂಜಿನ್ನಿನ ಬರಿ ಲೋಹಕ್ಕೆ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಆದ್ದರಿಂದ ಅದನ್ನು ಬ್ಯಾಟರಿಯಿಂದ ದೂರ ಮಾಡಿ. ಪಾಸಿಟಿವ್ ನೆಗೆಟಿವ್ ಅದಲು ಬದಲಾದರೆ ಮೋಟರ್ ಉಲ್ಟಾ ತಿರುಗುತ್ತದೆ, ಗಮನವಿರಲಿ. ಜೋರಾಗಿ ತಿರುಗಿದರೆ ಮೋಟರ್ ಚೆನ್ನಾಗಿದೆ. ದೋಷ ವೈರಿಂಗ್, ಸೆನ್ಸರ್ ಅಥವಾ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಡೆ. ತಿರುಗದೆ, ಸ್ಪ್ಯಾನರ್ ಹಿಡಿಯಿಂದ ಮೋಟರಿನ ಬೆನ್ನಿಗೆ ಮೆಲ್ಲಗೆ ತಟ್ಟಿದಾಗ ಎದ್ದರೆ ಕಾರ್ಬನ್ ಬ್ರಷ್ (ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ತುಂಡು) ಸವೆದಿದೆ. ತಟ್ಟಿ ಎಬ್ಬಿಸಿದ ಮೋಟರನ್ನು ನಂಬಿ ದೂರ ಹೋಗಬೇಡಿ.

ಒಂದು ಎಚ್ಚರಿಕೆ. ಕನೆಕ್ಟರಿನಲ್ಲಿ ಎರಡು ದಪ್ಪ ವೈರುಗಳ ಜೊತೆ ಒಂದೆರಡು ತೆಳು ವೈರುಗಳಿದ್ದರೆ, ಅದು ಒಳಗೇ ನಿಯಂತ್ರಕ ಇರುವ ಫ್ಯಾನ್. ಅದಕ್ಕೆ ನೇರ ಕರೆಂಟ್ ಕೊಡಬೇಡಿ, ಸರ್ಕ್ಯೂಟ್ ಸುಡುತ್ತದೆ. ದಪ್ಪ ವೈರುಗಳಲ್ಲಿ 12 ವೋಲ್ಟ್ ಮತ್ತು ಅರ್ಥ್ ಇವೆಯೇ ನೋಡಿ, ಸ್ಕ್ಯಾನರ್ (ಇಸಿಯು ಜೊತೆ ಮಾತಾಡುವ ತಪಾಸಣೆ ಸಾಧನ) ಮೂಲಕ ಫ್ಯಾನಿಗೆ ಆಜ್ಞೆ ಕೊಟ್ಟು ಪರೀಕ್ಷಿಸಿ.

ಮೋಟರ್ ಪಾಸಾದರೆ ಸೆನ್ಸರಿನ ಸರದಿ. ಹಳೆಯ ಕಾರುಗಳಲ್ಲಿ ರೇಡಿಯೇಟರಿನ ಟ್ಯಾಂಕಿಗೆ ಎರಡು ವೈರಿನ ಥರ್ಮೋ ಸ್ವಿಚ್ ತಿರುಚಿರುತ್ತಾರೆ. ಅದರ ಕನೆಕ್ಟರ್ ಬಿಚ್ಚಿ, ಕೀ ಹಾಕಿ, ಎರಡು ವೈರುಗಳನ್ನೂ ಒಂದು ತುಂಡು ವೈರಿನಿಂದ ಕೂಡಿಸಿದಾಗ ಫ್ಯಾನ್ ತಿರುಗಿದರೆ ಸ್ವಿಚ್ ಹೋಗಿದೆ. ಹೊಸ ಕಾರುಗಳಲ್ಲಿ ಎಂಜಿನ್ ಮೇಲಿನ ಸೆನ್ಸರ್ ಇಸಿಯುಗೆ ಉಷ್ಣತೆ ತಿಳಿಸುತ್ತದೆ. ಬಿಸಿ ಏರಿದಂತೆ ಅದರ ರೋಧ ಇಳಿಯುತ್ತದೆ: ಸಾಮಾನ್ಯವಾಗಿ 20 ಡಿಗ್ರಿಯಲ್ಲಿ 2,000ದಿಂದ 3,000 ಓಮ್ ಇದ್ದದ್ದು 90 ಡಿಗ್ರಿ ಹೊತ್ತಿಗೆ 200–300ಕ್ಕೆ ಬರುತ್ತದೆ. ಈ ಸೆನ್ಸರಿನ ಕನೆಕ್ಟರನ್ನು ಬಿಚ್ಚಿ ಎಂಜಿನ್ ಚಾಲೂ ಮಾಡಿದರೆ, ಹಲವು ಕಾರುಗಳ ಇಸಿಯು ಸುರಕ್ಷತೆಗೆಂದು ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸುತ್ತದೆ. ಹಾಗೆ ಓಡಿದರೆ ರಿಲೇ, ವೈರ್, ಮೋಟರ್ ಎಲ್ಲವೂ ಒಂದೇ ಏಟಿಗೆ ಪಾಸ್. ಸ್ಕ್ಯಾನರ್ ಇದ್ದರೆ ಪಿ0480 (ಮೊದಲ ಫ್ಯಾನಿನ ನಿಯಂತ್ರಣ ಸರ್ಕ್ಯೂಟ್), ಪಿ0117, ಪಿ0118 (ಉಷ್ಣತೆ ಸೆನ್ಸರ್) ಎಂಬ ಕೋಡುಗಳು ದಾರಿ ತೋರಿಸುತ್ತವೆ. ಕೋಡ್ ತೋರಿಸುವುದು ಸರ್ಕ್ಯೂಟನ್ನು. ಅದನ್ನು ಓದಿದ ತಕ್ಷಣ ಬಿಡಿಭಾಗ ಕೊಳ್ಳಲು ಹೊರಡಬೇಡಿ.

ಇನ್ನೊಂದು ಮಾತು. ಅನೇಕ ಕಾರುಗಳ ಉಷ್ಣತೆಯ ಮುಳ್ಳನ್ನು ಸಣ್ಣ ಏರಿಳಿತಕ್ಕೆ ಅಲ್ಲಾಡದಂತೆ ಮಾಡಿರುತ್ತಾರೆ. ಫ್ಯಾನ್ ಶುರುವಾಗುವುದು ಹೆಚ್ಚಾಗಿ 95ರಿಂದ 105 ಡಿಗ್ರಿಯ ನಡುವೆ. ಮುಳ್ಳು ನಡುವಿನಿಂದ ಕದಲಿತು ಎಂದರೆ ಆ ಗಡಿಯನ್ನು ಆಗಲೇ ದಾಟಿರಬಹುದು. ನಿಜವಾದ ಡಿಗ್ರಿ ಬೇಕಿದ್ದರೆ ಸ್ಕ್ಯಾನರಿನಲ್ಲಿ ನೋಡಿ.

ಪ್ರಶ್ನೆ: ನನ್ನ ಕಾರಿನಲ್ಲಿ ಎರಡು ಫ್ಯಾನ್ ಇವೆ. ಮೊದಲೆಲ್ಲ ಮೆಲ್ಲಗೆ ತಿರುಗುತ್ತಿದ್ದವು. ಈಗ ಬಹಳ ಹೊತ್ತು ಸುಮ್ಮನಿದ್ದು, ಮುಳ್ಳು ಏರಿದ ಮೇಲೆ ಒಮ್ಮೆಲೇ ಭೋರ್ ಎನ್ನುತ್ತದೆ. ಹಾಗಾದರೂ ತಣ್ಣಗಾಗುತ್ತದಲ್ಲ, ಬಿಟ್ಟರೆ ಆಗದೇ?

ಉತ್ತರ: ಬಿಡಬೇಡಿ. ನಿಮ್ಮ ಕಾರಿನ ಕಡಿಮೆ ವೇಗ ಹೋಗಿದೆ, ತುರ್ತಿಗೆಂದು ಇಟ್ಟ ಹೆಚ್ಚಿನ ವೇಗವೊಂದೇ ಉಳಿದಿದೆ. ಪ್ರತಿ ಸಲವೂ ಎಂಜಿನ್ ಇರಬೇಕಾದ್ದಕ್ಕಿಂತ ಹೆಚ್ಚು ಬಿಸಿಯಾದ ಮೇಲೆಯೇ ಫ್ಯಾನ್ ಎದ್ದೇಳುತ್ತಿದೆ.

ಕಡಿಮೆ ವೇಗ ಕೊಡುವ ವಿಧಾನ ಎರಡು. ಒಂದರಲ್ಲಿ ಮೋಟರಿನ ದಾರಿಯಲ್ಲಿ ಒಂದು ರೆಸಿಸ್ಟರ್ ಇರುತ್ತದೆ, ಸಾಮಾನ್ಯವಾಗಿ ಫ್ಯಾನಿನ ಚೌಕಟ್ಟಿಗೇ, ಗಾಳಿ ತಾಗುವ ಕಡೆ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಇದು ಸದಾ ಬಿಸಿಯಾಗುವ ಭಾಗ, ನೀರು ಕೆಸರು ಬಿದ್ದು ತುಕ್ಕು ಹಿಡಿದು ತುಂಡಾಗುತ್ತದೆ. ಬಿಚ್ಚಿ ಮೀಟರ್ ಇಡಿ: ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕಾದ ಕಡೆ ಏನೂ ತೋರದಿದ್ದರೆ ಅದೇ ಕಳ್ಳ. ರೆಸಿಸ್ಟರ್ ಮಾತ್ರ ಬಿಡಿಯಾಗಿ ಸಿಗುವ ಕಾರಾದರೆ ಫ್ಯಾನ್ ಮುಟ್ಟಬೇಕಿಲ್ಲ.

ಎರಡನೆಯದು ಎರಡು ಫ್ಯಾನ್ ಇರುವ ಕಾರುಗಳ ಚಾಲಾಕಿ. ಮೂರು ರಿಲೇ ಇಟ್ಟು, ಕಡಿಮೆ ವೇಗಕ್ಕೆ ಎರಡೂ ಮೋಟರುಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸುತ್ತಾರೆ, ತಲಾ 6 ವೋಲ್ಟ್ ಸಿಗುತ್ತದೆ. ಹೆಚ್ಚಿನ ವೇಗಕ್ಕೆ ಎರಡಕ್ಕೂ ಬೇರೆ ಬೇರೆ 12 ವೋಲ್ಟ್. ಸಾಲಾಗಿರುವಾಗ ಒಂದು ಮೋಟರಿನ ಬ್ರಷ್ ಹೋದರೆ ಎರಡೂ ನಿಲ್ಲುತ್ತವೆ. ಹೆಚ್ಚಿನ ವೇಗದಲ್ಲಿ ಚೆನ್ನಾಗಿರುವ ಒಂದೇ ತಿರುಗುತ್ತದೆ. ಆದ್ದರಿಂದ ಭೋರ್ ಎನ್ನುವಾಗ ದೂರದಿಂದ ಬಗ್ಗಿ ನೋಡಿ. ಎರಡೂ ತಿರುಗುತ್ತಿದ್ದರೆ ರೆಸಿಸ್ಟರ್ ಅಥವಾ ಕಡಿಮೆ ವೇಗದ ರಿಲೇ. ಒಂದೇ ತಿರುಗುತ್ತಿದ್ದರೆ ನಿಂತಿರುವ ಮೋಟರಿಗೆ ನೇರ ಕರೆಂಟ್ ಕೊಟ್ಟು ಪರೀಕ್ಷಿಸಿ.

ಪ್ರಶ್ನೆ: ಫ್ಯಾನಿನ 30 ಆಂಪಿಯರ್ ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದೆ. 40 ಹಾಕಬಹುದೇ?

ಉತ್ತರ: ಖಂಡಿತ ಬೇಡ. ಫ್ಯೂಸಿನ ಅಳತೆ ವೈರಿನ ದಪ್ಪಕ್ಕೆ ತಕ್ಕಂತೆ ಇಟ್ಟಿದ್ದು. 40 ಹಾಕಿದರೆ ಕರಗುವ ಸರದಿ ವೈರಿನದಾಗುತ್ತದೆ.

ಫ್ಯೂಸ್ ಯಾವಾಗ ಹೋಗುತ್ತದೆ ಎಂಬುದರಲ್ಲೇ ಉತ್ತರ ಇದೆ. ಫ್ಯಾನಿನ ಕನೆಕ್ಟರ್ ಬಿಚ್ಚಿದ್ದಾಗಲೂ, ರಿಲೇ ಚಾಲೂ ಆದ ಕ್ಷಣದಲ್ಲೇ ಹೋದರೆ ವೈರ್ ಎಲ್ಲೋ ಉಜ್ಜಿ ಕಾರಿನ ಲೋಹದ ಮೈಗೆ ತಾಗುತ್ತಿದೆ. ರೇಡಿಯೇಟರಿನ ಕೆಳ ಅಂಚು, ಬ್ಯಾಟರಿ ತಟ್ಟೆಯ ಮೂಲೆ ಹುಡುಕಿ. ಕನೆಕ್ಟರ್ ಜೋಡಿಸಿದ ಮೇಲೆ, ಫ್ಯಾನ್ ಏಳುವ ಹೊತ್ತಿಗೆ ಹೋದರೆ ಮೋಟರ್ ಬಿಗಿದಿದೆ. ಯಾವ ಮೋಟರೂ ನಿಂತಲ್ಲಿಂದ ಎದ್ದೇಳುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆರೋಗ್ಯವಾಗಿದ್ದರೆ ಅದು ಕ್ಷಣದಲ್ಲಿ ಇಳಿಯುತ್ತದೆ, ಬುಷ್ ಒಣಗಿದ್ದರೆ ಇಳಿಯುವುದೇ ಇಲ್ಲ. ಹತ್ತಿಪ್ಪತ್ತು ನಿಮಿಷ ಓಡಿ ಆಮೇಲೆ ಹೋಗುವುದಾದರೆ ಡಿಸಿ ಕ್ಲಾಂಪ್ ಮೀಟರ್ ಹಾಕಿ ನೋಡಿ. 120 ವ್ಯಾಟಿನ ಮೋಟರ್ ಸುಮಾರು 10 ಆಂಪಿಯರ್, 300 ವ್ಯಾಟಿನದು ಸುಮಾರು 25 ಎಳೆಯಬೇಕು. ಬಿಸಿಯಾಗುತ್ತಾ ಹೋದಂತೆ ಅಂಕಿ ಏರುತ್ತಲೇ ಇದ್ದರೆ ಮೋಟರ್ ಬದಲಿಸಿ. ಬುಷ್‌ಗೆ ಎಣ್ಣೆ ಬಿಟ್ಟರೆ ಕೆಲ ದಿನ ಸುಧಾರಿಸಿದಂತೆ ಕಾಣುತ್ತದೆ, ಆದರೆ ಎಣ್ಣೆ ಒಳಗೆ ಇಳಿದು ಬ್ರಷ್ಷಿನ ಪುಡಿಯೊಂದಿಗೆ ಸೇರಿ ಅಂಟಾಗುತ್ತದೆ.

ಪ್ರಶ್ನೆ: ಹೊಸ ಫ್ಯಾನ್ ಹಾಕಿಸಿ ಆರು ತಿಂಗಳೂ ಆಗಿಲ್ಲ, ಕನೆಕ್ಟರ್ ಕರಗಿ ಮತ್ತೆ ನಿಂತಿದೆ. ಮೋಟರ್ ಕಳಪೆಯೇ?

ಉತ್ತರ: ಇರಲಾರದು. ಹಳೆಯ ಕನೆಕ್ಟರನ್ನೇ ಹೊಸ ಮೋಟರಿಗೆ ಚುಚ್ಚಿರುವ ಸಾಧ್ಯತೆ ಹೆಚ್ಚು.

ಕನೆಕ್ಟರ್ ಬಿಚ್ಚಿ ಒಳಗಿನ ಲೋಹದ ತುಟಿಗಳನ್ನು ಬೆಳಕಿಗೆ ಹಿಡಿದು ನೋಡಿ. ಚೆನ್ನಾಗಿರುವುದು ಹೊಳೆಯುತ್ತದೆ, ಪಿನ್ನನ್ನು ಬಿಗಿಯಾಗಿ ಹಿಡಿಯುತ್ತದೆ. ಕಾದು ಹಳತಾದದ್ದು ನೀಲಿ ಕಂದು ಬಣ್ಣಕ್ಕೆ ತಿರುಗಿ, ತುಟಿ ಅಗಲಿಸಿಕೊಂಡು, ಸುತ್ತಲಿನ ಪ್ಲಾಸ್ಟಿಕ್ ಒಂದು ಬದಿ ಕುಗ್ಗಿರುತ್ತದೆ. ಹೆಚ್ಚಾಗಿ ಒಂದೇ ಪಿನ್ ಹೀಗಾಗಿ, ಪಕ್ಕದ್ದು ಹೊಸದರಂತೆ ಇರುತ್ತದೆ. ಆ ಸಡಿಲ ಜಾಗದಲ್ಲಿ ಕೇವಲ 0.1 ಓಮ್ ರೋಧ ಸೇರಿದರೂ 20 ಆಂಪಿಯರ್ ಹರಿಯುವಾಗ 2 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ, 40 ವ್ಯಾಟ್ ಶಾಖ ಹುಟ್ಟುತ್ತದೆ. ಒಂದು ಬೆಸುಗೆ ಕಡ್ಡಿಯನ್ನು ಕನೆಕ್ಟರಿನೊಳಗೆ ಇಟ್ಟಂತಾಯಿತು. ಫ್ಯಾನೂ ಮೆತ್ತಗೆ ತಿರುಗುತ್ತದೆ, ಎಂಜಿನ್ ಬೇಗ ತಣಿಯದೆ ಫ್ಯಾನ್ ಇನ್ನಷ್ಟು ಹೊತ್ತು ಓಡುತ್ತದೆ, ಕನೆಕ್ಟರ್ ಇನ್ನಷ್ಟು ಕಾಯುತ್ತದೆ.

ಪರೀಕ್ಷೆ ಸುಲಭ. ಫ್ಯಾನ್ ಓಡುತ್ತಿರುವಾಗಲೇ ಮೀಟರಿನ ಒಂದು ತುದಿ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ಮೋಟರ್ ಕಡೆಯ ಪಾಸಿಟಿವ್ ವೈರಿಗೆ ಇಡಿ. 0.5 ವೋಲ್ಟ್ ಮೀರಬಾರದು. ಹಾಗೆಯೇ ಬ್ಯಾಟರಿ ನೆಗೆಟಿವ್‌ನಿಂದ ಮೋಟರಿನ ಅರ್ಥ್ ವೈರಿಗೆ; ಇಲ್ಲಿ 0.2ರ ಸುಮಾರಿನಲ್ಲೇ ಇರಬೇಕು. ಕನೆಕ್ಟರ್ ಬಿಚ್ಚಿ ಖಾಲಿ ತುದಿಯಲ್ಲಿ 12 ವೋಲ್ಟ್ ನೋಡಿ 'ಕರೆಂಟ್ ಬರುತ್ತಿದೆ' ಎಂದರೆ ಏನೂ ತಿಳಿದಂತಾಗಲಿಲ್ಲ. ಒಂದೇ ಎಳೆ ಉಳಿದ ವೈರ್ ಕೂಡ ಹೊರೆಯಿಲ್ಲದಾಗ ಪೂರ್ತಿ 12 ತೋರಿಸುತ್ತದೆ.

ಬಾಲದ ವೈರಿನ ಸಮೇತ ಹೊಸ ಕನೆಕ್ಟರ್ ಹಾಕಿಸಿ. ಅದೇ ದಪ್ಪದ ವೈರ್, ಸರಿಯಾದ ಅಳತೆಯ ತಾಮ್ರದ ಸ್ಲೀವ್, ಇಕ್ಕಳದಿಂದ ಅಮುಕಿದ ಜೋಡಣೆ, ಮೇಲೆ ಒಳಬದಿಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ) ಕೊಳವೆ. ಸುಟ್ಟ ವೈರ್ ಎಷ್ಟು ದೂರ ಗಟ್ಟಿಯಾಗಿ ಕಪ್ಪಾಗಿದೆಯೋ ಅಷ್ಟನ್ನೂ ಕತ್ತರಿಸಬೇಕು. ಬರಿ ತಿರುಚಿ ಟೇಪ್ ಸುತ್ತಿದರೆ ಅದೇ ತೊಂದರೆ ಒಂದಿಷ್ಟು ಹಿಂದಕ್ಕೆ ಸರಿಯುತ್ತದೆ, ಅಷ್ಟೇ. ರಿಲೇ ಸಾಕೆಟ್ಟಿನಲ್ಲೂ ಇದೇ ಬಣ್ಣ ಕಂಡರೆ ಅದನ್ನೂ ಬದಲಿಸಿ.

ಪ್ರಶ್ನೆ: ಮೋಟರ್ ಸತ್ತಿದೆ ಎಂದು ಖಚಿತವಾಗಿದೆ. ನಾನೇ ಬದಲಿಸಬೇಕೆಂದಿದ್ದೇನೆ. ಕ್ರಮ ತಿಳಿಸಿ.

ಉತ್ತರ: ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರಿಗೆ ಒಂದೆರಡು ಗಂಟೆಯ ಕೆಲಸ. ಎಂಜಿನ್ ಪೂರ್ತಿ ತಣ್ಣಗಿರಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ: ಸುಮಾರು 1 ಬಾರ್ ಒತ್ತಡದಲ್ಲಿ 100 ಡಿಗ್ರಿ ಮೀರಿದರೂ ಕುದಿಯದೆ ನಿಂತ ಕೂಲೆಂಟ್, ಮುಚ್ಚಳ ಸಡಿಲಾದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಹೊಸ ಭಾಗ ಕೈಯಲ್ಲಿ ಹಿಡಿದು ಹಳೆಯದರ ಪಕ್ಕ ಇಟ್ಟು ನೋಡುವವರೆಗೆ ಏನನ್ನೂ ಎಸೆಯಬೇಡಿ. ರೆಕ್ಕೆಗಳ ಸಂಖ್ಯೆ, ವ್ಯಾಸ, ರೆಕ್ಕೆ ಬಾಗಿರುವ ದಿಕ್ಕು, ಕನೆಕ್ಟರಿನ ಪಿನ್, ಮೋಟರಿನ ವ್ಯಾಟ್ ಹೊಂದಬೇಕು. ಎಸಿ ಇರುವ ಮತ್ತು ಇಲ್ಲದ ಒಂದೇ ಮಾದರಿಯ ಕಾರುಗಳಿಗೆ ಬೇರೆ ಬೇರೆ ಮೋಟರ್ ಇರುವುದುಂಟು. ಮೋಟರ್ ಮಾತ್ರ ಅಥವಾ ಶ್ರೌಡ್ (ಫ್ಯಾನಿನ ಸುತ್ತಲಿನ ಚೌಕಟ್ಟು) ಸಮೇತ ಪೂರ್ತಿ ಜೋಡಣೆ, ಎರಡೂ ಸಿಗುವಾಗ ನಮ್ಮ ಒಲವು ಪೂರ್ತಿ ಜೋಡಣೆಯ ಕಡೆಗೆ. ರೆಕ್ಕೆಯ ಪ್ಲಾಸ್ಟಿಕ್ ಹಳತಾಗಿ ಬಿರುಕು ಬಿಟ್ಟಿದ್ದರಂತೂ ಅದೇ ಸರಿ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ರೇಡಿಯೋಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ. ಏರ್ ಫಿಲ್ಟರಿಗೆ ಹೋಗುವ ಗಾಳಿ ಕೊಳವೆ ದಾರಿಗೆ ಅಡ್ಡವಿದ್ದರೆ ತೆಗೆಯಿರಿ. ರೇಡಿಯೇಟರಿನ ಮೇಲಿನ ಹೋಸ್ ಕೂಡ ಅಡ್ಡ ಬಂದರೆ ಮೊದಲು ಕೆಳಗಿನ ಡ್ರೈನ್ ತಿರುಪಿನಿಂದ 2–3 ಲೀಟರ್ ಕೂಲೆಂಟನ್ನು ಶುಭ್ರ ಪಾತ್ರೆಗೆ ಇಳಿಸಿ. ಹೋಸ್ ಮುಟ್ಟದೆಯೇ ಫ್ಯಾನ್ ಬರುವ ಕಾರುಗಳೂ ಬಹಳ ಇವೆ, ಸುಮ್ಮನೆ ಬರಿದು ಮಾಡಬೇಡಿ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ, ಬೆಕ್ಕು, ಮಕ್ಕಳ ಕೈಗೆ ಸಿಗದಂತೆ ಮುಚ್ಚಿಡಿ, ಚೆಲ್ಲಿದ್ದನ್ನು ತೊಳೆಯಿರಿ.

ಫ್ಯಾನಿನ ಕನೆಕ್ಟರ್ ಬಿಚ್ಚುವಾಗ ನಾಲಿಗೆಯನ್ನು ಒತ್ತಿ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಶ್ರೌಡಿಗೆ ಕ್ಲಿಪ್ ಹಾಕಿದ ವೈರುಗಳನ್ನು ಒಂದೊಂದಾಗಿ ಬಿಡಿಸಿ. ಆಟೋಮ್ಯಾಟಿಕ್ ಗೇರಿನ ಕಾರಾದರೆ ಗೇರ್ ಆಯಿಲ್ ಪೈಪುಗಳೂ ಅಲ್ಲೇ ಸಿಕ್ಕಿಸಿರಬಹುದು. ಅನೇಕ ಕಾರುಗಳಲ್ಲಿ ಮೇಲಿನ ಎರಡು ಬೋಲ್ಟುಗಳಿಗೆ 10 ಎಂಎಂ ಸ್ಪ್ಯಾನರ್ ಸಾಕು. ಕೆಳಗೆ ಬೋಲ್ಟ್ ಇಲ್ಲದೆ ಬರಿ ಕಿವಿಗಳು ತೋಡಿನಲ್ಲಿ ಕೂತಿರುತ್ತವೆ. ಶ್ರೌಡ್ ಎತ್ತುವ ಮೊದಲು ಅದರ ಮತ್ತು ರೇಡಿಯೇಟರಿನ ನಡುವೆ ಒಂದು ದಪ್ಪ ರಟ್ಟು ಇಳಿಬಿಡಿ. ಇದು ನಿಮಿಷದ ಕೆಲಸ, ಇದನ್ನು ಬಿಟ್ಟವರೇ ಹೆಚ್ಚು ಪಶ್ಚಾತ್ತಾಪ ಪಡುವುದು. ಅಲ್ಯುಮಿನಿಯಂ ಎಸಳುಗಳು ಉಗುರು ತಾಗಿದರೂ ಮಲಗುತ್ತವೆ, ಕೊಳವೆಗೆ ಏಟು ಬಿದ್ದರೆ ರೇಡಿಯೇಟರೇ ಹೋಯಿತು. ನೆಟ್ಟಗೆ ಮೇಲಕ್ಕೆ ಎತ್ತಿ. ಸಿಕ್ಕಿಕೊಂಡರೆ ಬಲ ಹಾಕದೆ, ಬಿಡಿಸದ ಕ್ಲಿಪ್ ಯಾವುದೆಂದು ಹುಡುಕಿ.

ಮೋಟರ್ ಮಾತ್ರ ಬದಲಿಸುವುದಾದರೆ ರೆಕ್ಕೆಯ ನಡುವಿನ ನಟ್ ತೆಗೆಯಬೇಕು. ಇದು ಎಷ್ಟೋ ಕಾರುಗಳಲ್ಲಿ ಉಲ್ಟಾ ಮರೆ, ಬಲಕ್ಕೆ ತಿರುಗಿಸಿದರೆ ಸಡಿಲಾಗುತ್ತದೆ. ರೆಕ್ಕೆಯ ಮೇಲೆ ಬಾಣದ ಗುರುತಿದೆಯೇ ನೋಡಿ, ಇಲ್ಲದಿದ್ದರೆ ಎರಡೂ ಕಡೆ ಮೆಲ್ಲಗೆ ಪ್ರಯತ್ನಿಸಿ. ಕೆಲವಲ್ಲಿ ನಟ್ ಬದಲು ಲಾಕ್ ಕ್ಲಿಪ್ ಇರುತ್ತದೆ. ರೆಕ್ಕೆಯ ಅಂಚಿನಲ್ಲಿ ಪುಟ್ಟ ಲೋಹದ ಚೂರು ಸಿಕ್ಕಿಸಿದ್ದರೆ ಕೀಳಬೇಡಿ, ತೂಕ ಸಮ ಮಾಡಲು ಹಾಕಿದ್ದು. ಮೋಟರನ್ನು ಶ್ರೌಡಿಗೆ ಹಿಡಿದಿರುವ ಮೂರು ಸ್ಕ್ರೂ ತೆಗೆದು, ಹೊಸದನ್ನು ಅದೇ ಕೋನದಲ್ಲಿ ಕೂರಿಸಿ. ಮೋಟರಿನ ಕವಚದಲ್ಲಿ ನೀರು ಹರಿದುಹೋಗಲು ತೂತು ಇದ್ದರೆ ಅದು ಕೆಳಮುಖವಾಗಿರಬೇಕು. ಕೈಯಿಂದ ಒಂದು ಸುತ್ತು ತಿರುಗಿಸಿ, ರೆಕ್ಕೆ ಎಲ್ಲೂ ಶ್ರೌಡಿಗೆ ತಾಗಬಾರದು.

ಹೇಗೂ ದಾರಿ ತೆರೆದಿರುವಾಗ ರೇಡಿಯೇಟರನ್ನು ತೊಳೆಯುವುದು ಲೇಸು. ಎಂಜಿನ್ ಕಡೆಯಿಂದ ಹೊರಮುಖವಾಗಿ, ಕಡಿಮೆ ಒತ್ತಡದ ನೀರಿನಲ್ಲಿ. ರೇಡಿಯೇಟರ್ ಮತ್ತು ಕಂಡೆನ್ಸರ್ ನಡುವಿನ ಸಂದಿಯಲ್ಲಿ ಧೂಳು, ಹುಳ, ಎಲೆ ಸೇರಿ ಕಂಬಳಿಯ ಹಾಗೆ ಕೂತಿರುತ್ತದೆ. ಮುಂದಿನಿಂದ ಇಣುಕಿದರೆ ಕಾಣುವುದೇ ಇಲ್ಲ.

ಜೋಡಿಸುವಾಗ ಕೆಳಗಿನ ಕಿವಿಗಳು ತೋಡಿಗೆ ಇಳಿದಿವೆಯೇ ಎಂದು ಬೆಳಕು ಬಿಟ್ಟು ನೋಡಿ, ಆಮೇಲೆ ಮೇಲಿನ ಬೋಲ್ಟ್. ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಟ್ಯಾಂಕಿನೊಳಗಿನ ನಟ್ ಸುತ್ತತೊಡಗುತ್ತದೆ. ವೈರುಗಳನ್ನು ಹಳೆಯ ಕ್ಲಿಪ್ಪುಗಳಲ್ಲೇ ಕೂರಿಸಿ, ಒಂದು ಸಡಿಲ ವೈರ್ ಸಾಕು ರೆಕ್ಕೆಗೆ ಸಿಕ್ಕಿಕೊಳ್ಳಲು. ಕೂಲೆಂಟ್ ಇಳಿಸಿದ್ದರೆ ಕಂಪನಿ ಹೇಳಿದ ಬಗೆಯದನ್ನೇ ತುಂಬಿ. ಗಾಢ ಕೂಲೆಂಟ್ ಆದರೆ ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ, ಮೊದಲೇ ಬೆರೆಸಿ ಬಂದದ್ದಾದರೆ ನೀರು ಬೇಡ. ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಗಾಳಿ ಬಿಡುವ ಸ್ಕ್ರೂ ಇದ್ದರೆ ಗುಳ್ಳೆಯಿಲ್ಲದೆ ಕೂಲೆಂಟ್ ಬರುವವರೆಗೆ ತೆರೆದಿಟ್ಟು ತುಂಬಬೇಕು.

ಎಂಜಿನ್ ಚಾಲೂ ಮಾಡಿ, ಎಸಿ ಹಾಕಿ ಫ್ಯಾನ್ ನೋಡಿ. ಆಮೇಲೆ ಎಸಿ ಆರಿಸಿ ಎಂಜಿನ್ನನ್ನು ಹಾಗೇ ಓಡಲು ಬಿಡಿ. ಫ್ಯಾನ್ ತಾನಾಗಿ ಶುರುವಾಗಿ, ಉಷ್ಣತೆ ಕೆಲವು ಡಿಗ್ರಿ ಇಳಿದ ಮೇಲೆ ತಾನಾಗಿ ನಿಲ್ಲಬೇಕು. ಈ ಸುತ್ತು ಎರಡು ಸಲ ಆಗುವವರೆಗೆ ಕಾರಿನ ಹತ್ತಿರವೇ ಇರಿ. ಪೂರ್ತಿ ತಣ್ಣಗಾದ ಮೇಲೆ ಕೂಲೆಂಟ್ ಮಟ್ಟ ಮತ್ತೊಮ್ಮೆ ನೋಡಿ, ಇಳಿದಿದ್ದರೆ ತುಂಬಿ.

ಪ್ರಶ್ನೆ: ಹೊಸ ಫ್ಯಾನ್ ಜೋರಾಗಿ ತಿರುಗುತ್ತಿದೆ, ಎಂಜಿನ್ ಮಾತ್ರ ಮೊದಲಿನಷ್ಟೇ ಬಿಸಿ. ಏಕೆ?

ಉತ್ತರ: ಗಾಳಿ ಯಾವ ಕಡೆ ಹೋಗುತ್ತಿದೆ ಎಂದು ಮೊದಲು ನೋಡಿ. ಫ್ಯಾನ್ ಓಡುವಾಗ ಕಾರಿನ ಮುಂಭಾಗದ ಜಾಲರಿಗೆ ಒಂದು ಹಾಳೆ ಹಿಡಿಯಿರಿ. ಅದು ಜಾಲರಿಗೆ ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ಮೋಟರ್ ಉಲ್ಟಾ ತಿರುಗುತ್ತಿದೆ. ಕನೆಕ್ಟರ್ ಬದಲಿಸುವಾಗ ವೈರ್ ಅದಲು ಬದಲಾಗಿರುತ್ತದೆ. ಎರಡೂ ವೈರುಗಳನ್ನು ಬದಲಿಸಿದರೆ ಮುಗಿಯಿತು. ರೆಕ್ಕೆ ಹಿಂದು ಮುಂದಾಗಿ ಕೂತಿದ್ದರೆ ಗಾಳಿ ಸರಿಯಾದ ಕಡೆಗೇ ಹೋದರೂ ತೀರಾ ಕಡಿಮೆಯಾಗುತ್ತದೆ.

ಹಾಳೆ ಅಂಟಿಕೊಂಡರೆ ಶ್ರೌಡ್ ನೋಡಿ. ಮುರಿದಿದೆ ಎಂದು ಅದನ್ನು ಬಿಟ್ಟು ಬರಿ ಫ್ಯಾನನ್ನು ರೇಡಿಯೇಟರಿಗೆ ಕಟ್ಟಿದರೆ, ರೆಕ್ಕೆಯ ಎದುರಿನ ದುಂಡು ಜಾಗದಿಂದ ಮಾತ್ರ ಗಾಳಿ ಬರುತ್ತದೆ, ಮೂಲೆಗಳೆಲ್ಲ ದಂಡ. ಎಂಜಿನ್ ಕಡೆಯ ಬಿಸಿಗಾಳಿಯೇ ಸುತ್ತಿ ಮರಳಿ ಬರುವುದೂ ಉಂಟು. ಅದೂ ಸರಿಯಿದ್ದರೆ ಉಳಿದದ್ದು ಒಳಗಿನ ಗಾಳಿ ಗುಳ್ಳೆ, ಥರ್ಮೋಸ್ಟಾಟ್, ಕಟ್ಟಿದ ರೇಡಿಯೇಟರ್. ಫ್ಯಾನ್ ಓಡುವಾಗ ರೇಡಿಯೇಟರ್ ತಣ್ಣಗೇ ಇದ್ದು ಎಂಜಿನ್ ಬಿಸಿಯಿದ್ದರೆ ಬಿಸಿ ಕೂಲೆಂಟ್ ರೇಡಿಯೇಟರಿಗೆ ಬರುತ್ತಲೇ ಇಲ್ಲ. ಆಗ ಮೊದಲ ಅನುಮಾನ ಥರ್ಮೋಸ್ಟಾಟ್ ಮೇಲೆ.

ಪ್ರಶ್ನೆ: ಕೀ ತೆಗೆದ ಮೇಲೂ ಫ್ಯಾನ್ ತಿರುಗುತ್ತದೆ. ದೋಷವೇ?

ಉತ್ತರ: ಬಿಸಿ ಎಂಜಿನ್ ನಿಲ್ಲಿಸಿದ ಮೇಲೆ ಕೆಲವು ನಿಮಿಷ ತಿರುಗಿ ನಿಂತರೆ ಅದು ಹಲವು ಕಾರುಗಳ ಸಹಜ ಗುಣ. ಬೆಳಿಗ್ಗೆ ತಣ್ಣಗಿರುವಾಗಲೂ ತಿರುಗುತ್ತಿದ್ದರೆ, ಬ್ಯಾಟರಿ ಬರಿದಾಗುವವರೆಗೆ ನಿಲ್ಲದಿದ್ದರೆ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ. ರಿಲೇ ಕಿತ್ತಾಗ ಫ್ಯಾನ್ ನಿಂತು, ಹೊಸದು ಹಾಕಿದ ಮೇಲೂ ನಿಂತೇ ಇದ್ದರೆ ಸಂಶಯವಿಲ್ಲ. ಕೀ ಹಾಕಿದ ಕೂಡಲೇ, ತಣ್ಣಗಿದ್ದಾಗಲೂ ಪೂರ್ತಿ ವೇಗದಲ್ಲಿ ಓಡುವ ಫ್ಯಾನ್ ಸೆನ್ಸರಿನ ವೈರ್ ತುಂಡಾದುದರ ಗುರುತು. ಇಸಿಯು ಸುರಕ್ಷತೆಗೆ ಓಡಿಸುತ್ತಿದೆ. ಎಸಿ ಒತ್ತಡದ ಸ್ವಿಚ್ ಕೆಟ್ಟರೂ ಫ್ಯಾನ್ ನಿಲ್ಲದೆ ಓಡಬಹುದು.

ಪ್ರಶ್ನೆ: ಸೆನ್ಸರ್ ರಗಳೆ ಬೇಡವೆಂದು ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಇಟ್ಟು ಫ್ಯಾನಿಗೆ ನೇರ ಕರೆಂಟ್ ಕೊಡಬಹುದೇ?

ಉತ್ತರ: ಮನೆ ಮುಟ್ಟುವವರೆಗಿನ ತಾತ್ಕಾಲಿಕ ಉಪಾಯವಾಗಿ, ರಿಲೇ ಮತ್ತು ಫ್ಯೂಸ್ ಇಟ್ಟರೆ ಸರಿ. ಕಾಯಂ ಆಗಿ ಬೇಡ. 20 ಆಂಪಿಯರ್ ನೇರವಾಗಿ ಪುಟ್ಟ ಸ್ವಿಚ್ಚಿನ ಮೂಲಕ ಹರಿದರೆ ಸ್ವಿಚ್ ಕರಗುತ್ತದೆ, ಡ್ಯಾಶ್‌ಬೋರ್ಡಿನ ಹಿಂದೆ ಹತ್ತಿದ ಬೆಂಕಿ ಬೇಗ ಕಾಣುವುದಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಮರೆವು. ಒಂದು ಸಲ ಸ್ವಿಚ್ ಹಾಕಲು ಮರೆತು ಟ್ರಾಫಿಕ್‌ನಲ್ಲಿ ನಿಂತರೆ ಸಿಲಿಂಡರ್ ಹೆಡ್ ಬಾಗಬಹುದು. ಸೆನ್ಸರ್ ಬದಲಿಸುವುದು ಎಷ್ಟೋ ಸುಲಭ.

ಪ್ರಶ್ನೆ: ದಾರಿ ನಡುವೆ ಫ್ಯಾನ್ ನಿಂತರೆ ತಕ್ಷಣ ಏನು ಮಾಡಬೇಕು?

ಉತ್ತರ: ಎಸಿ ಆರಿಸಿ. ಹೀಟರನ್ನು ಪೂರ್ತಿ ಬಿಸಿಗೆ, ಬ್ಲೋವರನ್ನು ಪೂರ್ತಿ ವೇಗಕ್ಕೆ ಇಡಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ. ಗಾಳಿ ಸಿಗುವಷ್ಟು ವೇಗದಲ್ಲಿ ಸಾಗಲು ಸಾಧ್ಯವಿದ್ದರೆ ಮುಳ್ಳು ಇಳಿಯುತ್ತದೆ. ಇಳಿಯದಿದ್ದರೆ, ಕೆಂಪು ದೀಪ ಬಂದರೆ, ಸುರಕ್ಷಿತ ಜಾಗ ನೋಡಿ ಎಂಜಿನ್ ನಿಲ್ಲಿಸಿ ಬಾನೆಟ್ ತೆರೆಯಿರಿ. ಬಾನೆಟ್ ಅಂಚಿನಿಂದ ಆವಿ ಬರುತ್ತಿದ್ದರೆ ಅದು ನಿಲ್ಲುವವರೆಗೆ ತೆರೆಯಬೇಡಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡುತ್ತದೆ. ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಬಿಡಿ. ಆಮೇಲೂ ಮೇಲಿನ ಹೋಸ್ ಹಿಂಡಿದಾಗ ಗಟ್ಟಿಯಿದ್ದರೆ ಒತ್ತಡ ಇಳಿದಿಲ್ಲ, ಮುಚ್ಚಳ ಮುಟ್ಟಬಾರದು.

ಪ್ರಶ್ನೆ: ನೀರು ನಿಂತ ರಸ್ತೆ ದಾಟಿದ ಮೇಲೆ ಫ್ಯಾನಿನಿಂದ ಕಟಕಟ ಸದ್ದು, ನಡುಕ. ಒಣಗಿದ ಮೇಲೆ ಸರಿಹೋಗುತ್ತದೆಯೇ?

ಉತ್ತರ: ಒಣಗಿದರೆ ಹೋಗುವ ಸದ್ದಲ್ಲ ಇದು. ತಿರುಗುತ್ತಿರುವ ರೆಕ್ಕೆ ನೀರಿಗೆ ಬಡಿದರೆ ಮುಂದಕ್ಕೆ ಬಾಗಿ ರೇಡಿಯೇಟರಿಗೆ ತಾಗಬಹುದು, ತುದಿ ಮುರಿಯಬಹುದು. ಬ್ಯಾಟರಿ ಬಿಚ್ಚಿ ರೆಕ್ಕೆಗಳನ್ನು ಒಂದೊಂದಾಗಿ ಬೆರಳಿನಿಂದ ಅಲ್ಲಾಡಿಸಿ, ಬುಡದಲ್ಲಿ ಬಿರುಕು ಹುಡುಕಿ. ರೇಡಿಯೇಟರಿನ ಮೇಲೆ ದುಂಡಾದ ಗೀರು ಇದ್ದರೆ ಸೋರಿಕೆಯನ್ನೂ ನೋಡಿ. ಮುರಿದ ರೆಕ್ಕೆಗೆ ಅಂಟು ಹಾಕಿ ಓಡಿಸಬೇಡಿ: ತೂಕ ಸಮವಿಲ್ಲದ ರೆಕ್ಕೆ ಮೋಟರಿನ ಬುಷ್ಷನ್ನು ತಿನ್ನುತ್ತದೆ, ಕಿತ್ತ ಚೂರು ರೇಡಿಯೇಟರಿಗೆ ಚುಚ್ಚುತ್ತದೆ. ಮುಂದೆ ನೀರು ದಾಟಲೇಬೇಕಾದಾಗ ಮೊದಲೇ ಎಸಿ ಆರಿಸಿ, ಫ್ಯಾನ್ ನಿಲ್ಲಲು ಸ್ವಲ್ಪ ಕಾದು, ಅಲೆ ಏಳದಂತೆ ಮೊದಲ ಗೇರಿನಲ್ಲಿ ನಿಧಾನಕ್ಕೆ ಹೋಗಿ. ದಾಟಿದ ಮೇಲೆ ಎಸಿ ಹಾಕಿ ಫ್ಯಾನಿನ ಸದ್ದು ಒಮ್ಮೆ ಕೇಳಿ.